ಪಿಸ್ತೂಲು ಕೊಟ್ಟು ಲಿವರ್ ಆ್ಯಕ್ಷನ್ ರೈಫಲ್ ತಗೊಳ್ಳೋದು: ಬೆಲೆ ಹೇಗೆ ಕಟ್ಟಬೇಕು?

ಪ್ರಶ್ನೆ (ಡಲ್ಲಾಸ್ ಕಡೆಯ ಸದಸ್ಯರು)

ಸರ್, ನಮಸ್ಕಾರ. ನೀವು ಟೆಕ್ಸಾಸ್‌ನಲ್ಲೇ ಬಂದೂಕಿನ ಅಂಗಡಿಯಲ್ಲಿ ಮಾರಾಟ, ರಿಪೇರಿ ಎರಡೂ ನೋಡಿಕೊಳ್ಳುತ್ತೀರಿ ಅಂತ ಗೊತ್ತಾಗಿ ಕೇಳುತ್ತಿದ್ದೇನೆ. ನನ್ನ ಹತ್ತಿರ ಗ್ಲಾಕ್ 19 ಪಿಸ್ತೂಲು ಇದೆ, ಜೆನ್ 3 (ಮೂರನೇ ತಲೆಮಾರಿನ ಮಾದರಿ). ಡಬ್ಬಿ, ಎರಡು ಮ್ಯಾಗಜೀನ್ ಎಲ್ಲಾ ಇವೆ. ರೇಂಜ್‌ನಲ್ಲಿ ಪರಿಚಯವಾದ ಒಬ್ಬರು ತಮ್ಮ ಮಾರ್ಲಿನ್ 336 ಕೊಡುತ್ತಾರಂತೆ, ಕೆಳಗಿನ ಲಿವರ್ ಎಳೆದು ತೋಟಾ ತುಂಬುವ ಲಿವರ್ ಆ್ಯಕ್ಷನ್ ರೈಫಲ್. ಬದಲಿಗೆ ಗ್ಲಾಕ್ ಮತ್ತು ಮೇಲೆ 200 ಡಾಲರ್ ಕೇಳುತ್ತಿದ್ದಾರೆ. ರೈಫಲ್ .30-30 ಅಳತೆಯ ತೋಟಾದ್ದು, ಸೀರಿಯಲ್ ನಂಬರ್ 19ರಿಂದ ಶುರುವಾಗುತ್ತದೆ. ವಾಲ್‌ನಟ್ ಮರದ ಹಿಡಿ, ಮೇಲೊಂದು ಹಳೇ ಸ್ಕೋಪ್. ನನಗೆ ಕಾಡುಹಂದಿ ಬೇಟೆಗೆ ಹೋಗುವ ಆಸೆ. ನಾನು ಈಗ ಸಿಟಿಜನ್, ಇಬ್ಬರೂ ಟೆಕ್ಸಾಸ್‌ನವರೇ. ಈ ವ್ಯವಹಾರ ಸರಿಯಾಗಿದೆಯಾ?

ಉತ್ತರ

ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ಅದಲು ಬದಲು ಅನ್ನೋದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ನಿಮ್ಮ ಗ್ಲಾಕನ್ನು ಇವತ್ತು ನಗದಿಗೆ ಮಾರಿದರೆ ಎಷ್ಟು ಬರುತ್ತೆ? ಆ ಮಾರ್ಲಿನ್ನನ್ನು ನಗದು ಕೊಟ್ಟು ಎಷ್ಟಕ್ಕೆ ತಗೊಳ್ಳುತ್ತಿದ್ದಿರಿ? ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಬದಲಿ ವ್ಯವಹಾರದಲ್ಲಿ ಜನ ಕಳೆದುಕೊಳ್ಳೋದು ಇಲ್ಲೇ. ಕೊಡೋ ವಸ್ತುವಿಗೆ ತಾನು ಕೊಂಡ ಬೆಲೆ ಹಾಕುತ್ತಾರೆ, ತಗೊಳ್ಳೋ ವಸ್ತುವಿಗೆ ಆನ್‌ಲೈನ್‌ನಲ್ಲಿ ಯಾರೋ ಹಾಕಿಕೊಂಡ ಬೆಲೆ ನೋಡುತ್ತಾರೆ. ಹರಾಜಿನ ಸೈಟುಗಳಲ್ಲಿ ಮುಗಿದ ಹರಾಜುಗಳನ್ನು ಬೇರೆಯಾಗಿ ತೋರಿಸುತ್ತಾರೆ. ನಿಜವಾಗಿ ದುಡ್ಡು ಕೈ ಬದಲಾದ ಬೆಲೆ ಅಲ್ಲಿರೋದು, ಅದನ್ನು ಮಾತ್ರ ನೋಡಿ.

ನಮ್ಮ ಕಡೆ ಬಳಸಿದ ಜೆನ್ 3 ಗ್ಲಾಕ್ 19, ಒಬ್ಬರಿಂದ ಒಬ್ಬರಿಗೆ ಮಾರಿದರೆ, ಸುಮಾರು 400 ಡಾಲರ್. ಒಳ್ಳೆ ಪಿಸ್ತೂಲೇ, ಆದರೆ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಪೊಲೀಸ್ ಇಲಾಖೆಗಳು ಹಳೇ ಗ್ಲಾಕ್‌ಗಳನ್ನು ಗಂಟುಗಂಟಾಗಿ ವಾಪಸ್ ಕೊಡುತ್ತವೆ, ಅವು ಅಂಗಡಿಗಳಿಗೆ ಬಂದು ಬೆಲೆ ಇಳಿಸುತ್ತವೆ. ಅದೇ ಪಿಸ್ತೂಲನ್ನು ನಮ್ಮಂಥ ಅಂಗಡಿಗೆ ತಂದರೆ 250, ಬಹಳ ಅಂದರೆ 300 ಕೊಡುತ್ತೇವೆ. ನಾವೂ ಬಾಡಿಗೆ ಕಟ್ಟಬೇಕು, ಮಾರಾಟವಾಗೋ ತನಕ ಇಟ್ಟುಕೊಳ್ಳಬೇಕು ಅಲ್ವಾ. ಒಂದು ಸಮಾಧಾನ ಏನಂದರೆ ಟೆಕ್ಸಾಸ್‌ನಲ್ಲಿ ಅಂಗಡಿಗೆ ಬದಲಿ ಕೊಟ್ಟ ವಸ್ತುವಿನ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ಸೇಲ್ಸ್ ಟ್ಯಾಕ್ಸ್.

ಈಗ ಮಾರ್ಲಿನ್. 19ರಿಂದ ಶುರು ಅಂದಿರಲ್ಲ, ಅದು ತುಂಬಾ ಮುಖ್ಯ. 1973ರಿಂದ ಮಾರ್ಲಿನ್ ಕಂಪನಿ ಸೀರಿಯಲ್ಲಿನ ಮೊದಲ ಎರಡು ಅಂಕಿಯಲ್ಲೇ ವರ್ಷ ಅಡಗಿಸಿಡುತ್ತಿತ್ತು. 100ರಿಂದ ಕಳೆಯಿರಿ. 100ರಲ್ಲಿ 19 ಹೋದರೆ 81. ಅಂದರೆ ನಿಮ್ಮ ರೈಫಲ್ 1981ರದ್ದು, ಕನೆಕ್ಟಿಕಟ್‌ನ ನಾರ್ತ್ ಹೇವನ್ ಕಾರ್ಖಾನೆಯದ್ದು. ನಳಿಗೆ ರಿಸೀವರ್‌ಗೆ (ಒಳಗಿನ ಯಂತ್ರ ಕೂರುವ ಕಬ್ಬಿಣದ ಗೂಡು) ಸೇರುವ ಜಾಗದ ಹತ್ತಿರ ‘ಜೆಎಂ’ ಅಂತ ಪುಟ್ಟ ಮುದ್ರೆ ಇರಬೇಕು, ಜಾನ್ ಮಾರ್ಲಿನ್ ಅವರ ಹೆಸರಿನದು. ಈ ಮುದ್ರೆಗೆ ಜನ ದುಡ್ಡು ಕೊಡೋದಕ್ಕೆ ಕಾರಣ ಇದೆ. 2007ರ ಕೊನೆಯಲ್ಲಿ ರೆಮಿಂಗ್ಟನ್ ಕಂಪನಿ ಮಾರ್ಲಿನ್ನನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2011ರಲ್ಲಿ ನಾರ್ತ್ ಹೇವನ್ ಕಾರ್ಖಾನೆ ಮುಚ್ಚಿ ಕೆಲಸ ನ್ಯೂಯಾರ್ಕ್‌ನ ಇಲಿಯನ್‌ಗೆ ಹೋಯಿತು. ಹಳೇ ಯಂತ್ರಗಳು ಸವೆದಿದ್ದವು, ಕೈ ಪಳಗಿದ ಕೆಲಸಗಾರರು ಜೊತೆಗೆ ಹೋಗಲಿಲ್ಲ. ಮೊದಲ ಕೆಲವು ವರ್ಷದ ರೈಫಲ್‌ಗಳಲ್ಲಿ ಗುರಿ ನೋಡುವ ಸೈಟ್ ಓರೆ, ಮರಕ್ಕೂ ಕಬ್ಬಿಣಕ್ಕೂ ನಡುವೆ ಸಂದು, ಹೀಗೆ ದೂರು ಜಾಸ್ತಿ ಬಂದವು. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಮಾರ್ಲಿನ್ನನ್ನು ಕೊಂಡುಕೊಂಡಿತು. ರೂಗರ್ ಮಾಡುವ ಹೊಸ 336 ಬಹಳ ಚೆನ್ನಾಗಿದೆ, ಆದರೆ ಪಟ್ಟಿ ಬೆಲೆ 1,200 ಡಾಲರ್ ದಾಟುತ್ತದೆ.

ಹಾಗಾಗಿ 1981ರ ಒಳ್ಳೆ 336ಕ್ಕೆ 650ರಿಂದ 800 ಅನ್ನೋದು ನನ್ನ ಲೆಕ್ಕ. ನೀವು ಕೊಡುತ್ತಿರೋದು 400 ಮತ್ತು 200, ಒಟ್ಟು 600. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಇದು ರೈಫಲ್ ಒಳ್ಳೆ ಸ್ಥಿತಿಯಲ್ಲಿದ್ದರೆ ಮಾತ್ರ. ಸ್ಕೋಪಿಗೆ ಒಂದು ಪೈಸೆ ಬೆಲೆ ಕಟ್ಟಬೇಡಿ. ನೋಡದೆ ಒಪ್ಪಬೇಡಿ.

ಪ್ರಶ್ನೆ (ಅದೇ ಸದಸ್ಯರು)

ತುಂಬಾ ಥ್ಯಾಂಕ್ಸ್ ಸರ್. ಶನಿವಾರ ನೋಡಲು ಹೋಗುತ್ತಿದ್ದೇನೆ. ಏನೇನು ನೋಡಬೇಕು?

ಉತ್ತರ

ಕೈಗೆ ತಗೊಂಡ ಕೂಡಲೇ ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಲಿವರ್ ಕೆಳಗೆ ಎಳೆದು ತೋಟಾ ಕೂರುವ ಚೇಂಬರ್ ನೋಡಿ. ಲಿವರ್ ಗನ್ನಿನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ. ಕೊಳಕು ಕೂತರೆ ಒಂದು ತೋಟಾ ಒಳಗೇ ಸಿಕ್ಕಿಕೊಂಡು, ಆಮೇಲೆ ಜಾರಿ ಬರಬಹುದು. ಖಾಲಿ ಅಂತ ಮಾಲೀಕರು ಹೇಳಿದರೂ ಐದಾರು ಸಲ ಲಿವರ್ ಆಡಿಸಿ, ಕೊಳವೆಯೊಳಗಿನ ತಳ್ಳುವ ಬಿಲ್ಲೆ ಕಣ್ಣಿಗೆ ಕಾಣಿಸುವ ತನಕ ನಂಬಬೇಡಿ. ಇದರಲ್ಲಿ ಸಂಕೋಚ ಬೇಡ. ಅನುಭವ ಇರೋರು ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಆಮೇಲೆ ಸ್ಕ್ರೂಗಳನ್ನು ನೋಡಿ. ನಾನು ಬೆಂಚಿಗೆ ಬಂದ ರೈಫಲ್‌ನಲ್ಲಿ ಮೊದಲು ನೋಡೋದು ಅದನ್ನೇ. ಸ್ಕ್ರೂ ತಲೆಯ ಗೀಟು ಹರಿದು, ಅಂಚು ಎದ್ದಿದ್ದರೆ ಯಾರೋ ಸರಿಯಾದ ಸಾಧನ ಇಲ್ಲದೆ ಒಳಗೆ ಕೈ ಹಾಕಿದ್ದಾರೆ. ಒಳಗೆ ಏನು ಮಾಡಿದ್ದಾರೋ ಅನ್ನೋ ಅನುಮಾನ ಅಲ್ಲಿಂದ ಶುರು. ಮುಂದೆ ಹಿಡಿ ರಿಸೀವರ್‌ಗೆ ಕೂರುವ ಜಾಗ, ಹ್ಯಾಮರ್ (ತೋಟಾ ಸಿಡಿಸಲು ಹೊಡೆಯುವ ಸುತ್ತಿಗೆ) ಹಿಂದಿನ ಕಬ್ಬಿಣದ ನಾಲಿಗೆಯ ಸುತ್ತ. ಅಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಮಾತ್ರ ಕಾಣಿಸುತ್ತೆ.

ನಳಿಗೆಯ ಬಾಯಿಗೆ ಒಂದು ಕಿವಿಕಡ್ಡಿ ತಗೊಂಡು ಹೋಗಿ. ಹತ್ತಿಯನ್ನು ಒಳಅಂಚಿನ ಸುತ್ತ ಮೆಲ್ಲಗೆ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಕ್ಕಾಗಿದೆ. ಗುಂಡು ನಳಿಗೆ ಬಿಡುವ ಕೊನೆ ಜಾಗ ಅದು, ಅಲ್ಲಿ ಸವೆದರೆ ಗುರಿ ಹಾಳು. ನಳಿಗೆಯೊಳಗೆ ನೋಡಲು ಮಾರ್ಲಿನ್‌ನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಲಿವರನ್ನು ಅರ್ಧ ಕೆಳಗೆ ಎಳೆದು ಅದರ ಒಂದೇ ಸ್ಕ್ರೂ ಬಿಚ್ಚಿದರೆ ಲಿವರ್ ಹೊರಗೆ, ಬೋಲ್ಟ್ (ತೋಟಾದ ಹಿಂದೆ ಮುಚ್ಚಿಕೊಳ್ಳುವ ಭಾಗ) ಹಿಂದಕ್ಕೆ ಜಾರಿ ಬರುತ್ತದೆ. ಹಿಂದಿನಿಂದ ನೇರವಾಗಿ ನೋಡಬಹುದು. ಮಾಲೀಕರು ಒಪ್ಪಿದರೆ ಮಾತ್ರ ಮಾಡಿ, ಎಜೆಕ್ಟರ್ ಅನ್ನುವ ಸಣ್ಣ ತುಂಡು ಕೆಳಗೆ ಬೀಳದ ಹಾಗೆ ನೋಡಿಕೊಳ್ಳಿ. ಒಪ್ಪದಿದ್ದರೆ ಲಿವರ್ ಕೆಳಗೆ ಎಳೆದು ಒಳಗೆ ಬಿಳಿ ಕಾಗದದ ಚೂರು ಇಟ್ಟು ಮುಂದಿನಿಂದ ನೋಡಿ. ಸುರುಳಿ ಗೀರುಗಳು ಚೂಪಾಗಿ ಕಾಣಬೇಕು.

ಹ್ಯಾಮರನ್ನು ಪೂರ್ತಿ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿಂದ ಹ್ಯಾಮರನ್ನು ಮುಂದಕ್ಕೆ ಒತ್ತಿ. ಜಾರಬಾರದು. ಅರ್ಧ ಎಳೆದ ಸ್ಥಾನದಲ್ಲಿ ಟ್ರಿಗರ್ ಒತ್ತಿದರೂ ಬೀಳಬಾರದು. ಬಿದ್ದರೆ ಅಲ್ಲಿಗೇ ಮಾತು ಮುಗಿಯಿತು, ಕೆಳಗಿಡಿ. ಟ್ರಿಗರ್ ಲೊಡಲೊಡ ಅನ್ನುತ್ತಿದ್ದರೆ ಹೆದರಬೇಡಿ, ಹಳೇ ಮಾರ್ಲಿನ್‌ಗಳಲ್ಲಿ ಅದು ಹಾಗೇ.

ತುಂಬಾ ಹೊಳೆಯುತ್ತಿದ್ದರೆ ಅಕ್ಷರಗಳನ್ನು ನೋಡಿ. ಬೆಳ್ಳಗಿರೋದೆಲ್ಲ ಹಾಲಲ್ಲ. ಉಜ್ಜಿ ಮತ್ತೆ ಬಣ್ಣ ಕಟ್ಟಿದ ರೈಫಲ್‌ನಲ್ಲಿ ಕೆತ್ತಿದ ಅಕ್ಷರದ ಅಂಚು ಮಸುಕಾಗಿರುತ್ತೆ, ಸ್ಕ್ರೂ ತೂತಿನ ಸುತ್ತ ತಗ್ಗು ಬಿದ್ದಿರುತ್ತೆ. ಅದಕ್ಕಿಂತ ಕೈ ತಾಗಿ ತಾಗಿ ಬಣ್ಣ ಹೋದ ರೈಫಲ್ಲೇ ನನಗೆ ಇಷ್ಟ.

ಪ್ರಶ್ನೆ (ಹ್ಯೂಸ್ಟನ್‌ನಿಂದ ಸದಸ್ಯೆ)

ಸರ್, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಪಕ್ಕದ ಮನೆಯ ಹಿರಿಯರು ನಮ್ಮ ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರ್‌ಗೆ ಬದಲಾಗಿ 1894ರ ವಿಂಚೆಸ್ಟರ್ ಕೊಡುತ್ತೇನೆ, ಅದು ಆಂಟಿಕ್ ಅನ್ನುತ್ತಾರೆ. ಅಷ್ಟು ಹಳೆಯದು ಇಷ್ಟು ಸುಲಭವಾಗಿ ಸಿಗುತ್ತಾ?

ಉತ್ತರ

ಮೇಡಂ, 1894 ಅನ್ನೋದು ಮಾದರಿಯ ಹೆಸರು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಈ ರೈಫಲ್ 2006ರಲ್ಲಿ ನ್ಯೂ ಹೇವನ್ ಕಾರ್ಖಾನೆ ಮುಚ್ಚುವ ತನಕ 70 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಕಾನೂನಿನ ಪ್ರಕಾರ ಆಂಟಿಕ್ ಅನ್ನಿಸಿಕೊಳ್ಳಲು 1898 ಅಥವಾ ಅದಕ್ಕೆ ಮುಂಚೆ ತಯಾರಾಗಿರಬೇಕು. ಸೀರಿಯಲ್ ನಂಬರ್ ನೋಡಿ. ದೊಡ್ಡ ಗೆರೆ ಇರೋದು 1964ರಲ್ಲಿ. ಆ ವರ್ಷ ಖರ್ಚು ಉಳಿಸಲು ಕಂಪನಿ ಕಡೆದು ಮಾಡುತ್ತಿದ್ದ ಭಾಗಗಳ ಬದಲು ತಗಡು ಒತ್ತಿ ಮಾಡಿದ ಭಾಗ, ಟೊಳ್ಳು ಪಿನ್ ಹಾಕಿತು. 27 ಲಕ್ಷದಿಂದ ಮೇಲಿನ ನಂಬರ್ ಇದ್ದರೆ ಅದು 1964 ಮತ್ತು ಆಮೇಲಿನದು. ಗುಂಡು ಹಾರುತ್ತೆ, ಬೇಟೆಗೂ ಆಗುತ್ತೆ, ಆದರೆ ಹಳೆಯದರ ಬೆಲೆ ಇಲ್ಲ.

ಅದಕ್ಕೂ ಹಳೆಯದಾಗಿದ್ದರೆ ರಿಸೀವರ್‌ನಲ್ಲಿ ಆಮೇಲೆ ಕೊರೆದ ತೂತು ಇದೆಯಾ ನೋಡಿ. ವಿಂಚೆಸ್ಟರ್‌ನಲ್ಲಿ ಖಾಲಿ ತೋಟಾ ಮೇಲಿಂದ ಹಾರುತ್ತೆ, ಸ್ಕೋಪ್ ಕೂರಿಸೋದು ಕಷ್ಟ ಅಂತ ಜನ ಪಕ್ಕದಲ್ಲಿ ತೂತು ಕೊರೆಸುತ್ತಿದ್ದರು. ಸಂಗ್ರಹಕಾರರ ಕಣ್ಣಲ್ಲಿ ಅಲ್ಲಿಗೆ ಬೆಲೆ ಬಿದ್ದಂತೆ. ಇದನ್ನು ಮಾರ್ಲಿನ್ ಹಾಗೆ ಹಿಂದಿನಿಂದ ಸುಲಭವಾಗಿ ಒರೆಸಲು ಆಗಲ್ಲ, ಮುಂದಿನಿಂದಲೇ ಕಡ್ಡಿ ಹಾಕಿ ಹಾಕಿ ನಳಿಗೆಯ ಬಾಯಿ ಸವೆದಿರುತ್ತೆ. ಮತ್ತೆ, 1967ರ ಕೆನಡಾ ಶತಮಾನೋತ್ಸವ, 1968ರ ಬಫಲೋ ಬಿಲ್ ಅಂತೆಲ್ಲ ಕೆತ್ತಿದ ಸ್ಮಾರಕ ರೈಫಲ್ ಆಗಿದ್ದರೆ ಮನಸ್ಸು ಕರಗಿಸಿಕೊಳ್ಳಬೇಡಿ. ಲೆಕ್ಕವಿಲ್ಲದಷ್ಟು ಮಾಡಿದ್ದಾರೆ. ಒಂದೂ ಗುಂಡು ಹಾರಿಸದೆ ಡಬ್ಬಿ ಸಮೇತ ಇದ್ದರೆ ಮಾತ್ರ ಬೆಲೆ. ನಿಮ್ಮ ರಿವಾಲ್ವರ್ ಯಾವ ಮಾಡೆಲ್ ಅಂತ ಫೋಟೋ ಹಾಕಿ. ಹಳೇ ಸ್ಮಿತ್ ಆ್ಯಂಡ್ ವೆಸನ್‌ಗೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬೆಲೆ ಇರಬಹುದು.

ಪ್ರಶ್ನೆ (ಆಸ್ಟಿನ್‌ನಿಂದ ಸದಸ್ಯರು)

ಅಣ್ಣ, ನಾನು ಎಚ್1ಬಿ ವೀಸಾದಲ್ಲಿದ್ದೇನೆ. ಫ್ರೆಂಡ್ ಒಬ್ಬ ಅವನ ರೈಫಲ್ ಕೊಟ್ಟು ನನ್ನ ಹಳೇ ಬೈಕ್ ತಗೊಳ್ಳುತ್ತೇನೆ ಅನ್ನುತ್ತಿದ್ದಾನೆ. ಪರಿಚಯದವರ ಮಧ್ಯೆ ತಾನೆ, ತೊಂದರೆ ಇಲ್ಲ ಅಲ್ವಾ?

ಉತ್ತರ

ತಮ್ಮಾ, ದಯವಿಟ್ಟು ನಿಲ್ಲಿ. ಎಚ್1ಬಿ (ಕೆಲಸದ್ದು), ಎಫ್1 (ವಿದ್ಯಾರ್ಥಿಗಳದ್ದು) ಥರದ ವೀಸಾದಲ್ಲಿರೋರು ಬಂದೂಕು, ತೋಟಾ ಇಟ್ಟುಕೊಳ್ಳೋದನ್ನೇ ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೊಳ್ಳೋದು ಮಾತ್ರ ಅಲ್ಲ, ಕೈಯಲ್ಲಿ ಇರೋದೇ ಅಪರಾಧ. ಇದಕ್ಕೆ ಕೆಲವು ವಿನಾಯಿತಿ ಇವೆ. ನಮ್ಮ ಜನಕ್ಕೆ ಅನ್ವಯವಾಗೋದು ಮುಖ್ಯವಾಗಿ ಒಂದು, ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದರ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು, ರೈಫಲ್ ಮಾತ್ರ ನಿಮ್ಮ ಮನೆಯಲ್ಲೇ ಇರುತ್ತೆ. ಗೊತ್ತಿದ್ದೂ ಕೊಟ್ಟ ನಿಮ್ಮ ಫ್ರೆಂಡ್ ಕೂಡ ಸಿಕ್ಕಿಬೀಳುತ್ತಾರೆ. ಗ್ರೀನ್ ಕಾರ್ಡ್ ಇರೋರಿಗೆ ಈ ತಡೆ ಇಲ್ಲ. ಒಂದು ರೈಫಲ್ ಆಸೆಗೆ ಇಷ್ಟು ವರ್ಷ ಕಟ್ಟಿದ ಜೀವನವನ್ನು ಪಣಕ್ಕೆ ಇಡಬೇಡಿ. ಬೇಟೆ ಲೈಸೆನ್ಸ್ ದಾರಿ ಹಿಡಿಯೋದಾದರೆ ಇಮಿಗ್ರೇಶನ್ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ (ಕೊಡಗಿನವರು, ಈಗ ನ್ಯೂಜೆರ್ಸಿ)

ನಮ್ಮ ಮನೆಯಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಇಲ್ಲಿ ಕೊಂಡ ಲಿವರ್ ರೈಫಲ್ ಊರಿಗೆ ತಗೊಂಡು ಹೋಗಬಹುದಾ?

ಉತ್ತರ

ಆಗಲ್ಲ ಅಂತಲೇ ಇಟ್ಟುಕೊಳ್ಳಿ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ, 2019ರಲ್ಲಿ 2029ರ ತನಕ ಮುಂದುವರಿಸಿದ್ದು, ಅದು ಲೈಸೆನ್ಸ್ ವಿಷಯಕ್ಕೆ. ಹೊರದೇಶದಿಂದ ತರೋದು ಬೇರೆಯೇ ಕಾನೂನು. ಇಲ್ಲಿಂದ ಕಳಿಸಲು ಅಮೆರಿಕದ ರಫ್ತು ಅನುಮತಿಯೂ ಬೇಕು. ಊರಲ್ಲಿ ಇರೋ ಕೋವಿಯನ್ನೇ ಕೈಲ್‌ಪೊಳ್ದ್ ಆಯುಧ ಪೂಜೆ ಹಬ್ಬಕ್ಕೆ ಚೆನ್ನಾಗಿ ಒರೆಸಿಡಿ.

ಪ್ರಶ್ನೆ (ಡಲ್ಲಾಸ್ ಕಡೆಯ ಸದಸ್ಯರು)

ಸರ್, ನೋಡಿ ಬಂದೆ. ಜೆಎಂ ಮುದ್ರೆ ಇದೆ. ಹ್ಯಾಮರ್ ಗಟ್ಟಿ. ನಳಿಗೆ ಒಳಗೆ ಕಪ್ಪಾಗಿತ್ತು, ಅವರೇ ಒರೆಸಿ ತೋರಿಸಿದರು, ಗೀರುಗಳು ಚೆನ್ನಾಗಿವೆ. ಆದರೆ ಹಿಡಿಯಲ್ಲಿ ನೀವು ಹೇಳಿದ ಜಾಗದಲ್ಲೇ ಅರ್ಧ ಇಂಚಿನ ಬಿರುಕು ಇದೆ, ಎರಡು ಸ್ಕ್ರೂ ಹರಿದಿವೆ. ಇನ್ನೊಂದು ವಿಷಯ, ಅವರು ಮನೆ ಬದಲಿಸಿದ್ದಾರಂತೆ, ಈಗ ಅವರ ವಿಳಾಸ ಓಕ್ಲಹೋಮದ್ದು.

ಉತ್ತರ

ಬಿರುಕು ಚಿಕ್ಕದು, ಈಗಲೇ ಅಂಟು ಇಳಿಸಿ ಬಿಗಿದರೆ ನಿಲ್ಲುತ್ತೆ. ಆದರೂ ಅದು ದೋಷವೇ. 200 ಬೇಡ, 100 ಕೊಡುತ್ತೇನೆ ಅಂತ ಬಿರುಕು ತೋರಿಸಿಯೇ ಹೇಳಿ. ರೈಫಲ್ 550ರ ಮೇಲೆ ಹೋಗಬಾರದು ಅನ್ನೋದು ನನ್ನ ಅಭಿಪ್ರಾಯ. 500ಕ್ಕೆ ಸಿಕ್ಕರೆ ಖಂಡಿತ ತಗೊಳ್ಳಿ.

ಓಕ್ಲಹೋಮ ವಿಳಾಸ ಅಂದಮೇಲೆ ಲೆಕ್ಕ ಬದಲಾಯಿತು. ಒಂದೇ ರಾಜ್ಯದವರಾಗಿದ್ದರೆ ಟೆಕ್ಸಾಸ್‌ನಲ್ಲಿ ನೀವಿಬ್ಬರೇ ಮುಗಿಸಬಹುದಿತ್ತು. ಬೇರೆ ರಾಜ್ಯ ಅಂದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಆಗಬೇಕು. ಪಿಸ್ತೂಲನ್ನು ಪಡೆಯುವವರು ತಮ್ಮ ಸ್ವಂತ ರಾಜ್ಯದ ಡೀಲರ್‌ನಿಂದಲೇ ಪಡೆಯಬೇಕು. ರೈಫಲನ್ನು ಮಾತ್ರ, ಎರಡೂ ರಾಜ್ಯದ ಕಾನೂನಿಗೆ ಸರಿಯಿದ್ದರೆ, ಪಕ್ಕದ ರಾಜ್ಯದ ಡೀಲರ್ ಅಂಗಡಿಯಲ್ಲೇ ಎದುರು ನಿಂತು ಪಡೆಯಬಹುದು. ಹಾಗಾಗಿ ನೀವೇ ಓಕ್ಲಹೋಮಕ್ಕೆ ಹೋಗಿ. ಅಲ್ಲಿನ ಒಂದೇ ಅಂಗಡಿಯಲ್ಲಿ ಅವರು ನಿಮ್ಮ ಗ್ಲಾಕ್ ಪಡೆಯುತ್ತಾರೆ, ನೀವು ಮಾರ್ಲಿನ್ ಪಡೆಯುತ್ತೀರಿ. ಇಬ್ಬರೂ 4473 ಫಾರಂ (ಡೀಲರ್‌ನಿಂದ ಬಂದೂಕು ಪಡೆಯುವವರ ಫೆಡರಲ್ ಫಾರಂ) ತುಂಬುತ್ತೀರಿ, ಹಿನ್ನೆಲೆ ಪರಿಶೀಲನೆ ಆಗುತ್ತೆ. ಎರಡು ರಾಜ್ಯದ ವ್ಯವಹಾರ ಮಾಡಿಕೊಡುತ್ತೀರಾ, ಒಂದೊಂದಕ್ಕೆ ಎಷ್ಟು ಫೀಸು ಅಂತ ಮೊದಲೇ ಫೋನ್ ಮಾಡಿ ಕೇಳಿ. ಆ ಫೀಸು ಯಾರು ಕೊಡೋದು ಅನ್ನೋದನ್ನೂ 100 ಡಾಲರ್ ಮಾತಿನ ಜೊತೆಗೇ ಮುಗಿಸಿಕೊಳ್ಳಿ.

ತೋಟಾ ಕೊಳ್ಳುವಾಗ ಮೊನೆ ಚಪ್ಪಟೆ ಇರೋದನ್ನೇ ತಗೊಳ್ಳಿ. ಕೊಳವೆಯಲ್ಲಿ ಹಿಂದಿನ ಗುಂಡಿನ ಮೊನೆ ಮುಂದಿನ ತೋಟಾದ ಪ್ರೈಮರ್‌ಗೆ (ಹೊಡೆದರೆ ಕಿಡಿ ಹತ್ತುವ ಬುಡದ ಬಿಲ್ಲೆ) ಒತ್ತಿಕೊಂಡಿರುತ್ತೆ, ಗಟ್ಟಿ ಚೂಪು ಮೊನೆ ಹಾಕಿದರೆ ಒಳಗೇ ಸಿಡಿಯುವ ಅಪಾಯ ಇದೆ. ಚೂಪಾಗಿಯೇ ಬೇಕು ಅಂದರೆ ಲಿವರ್ ರೈಫಲ್‌ಗೆಂದೇ ಮೆತ್ತನೆ ತುದಿ ಇಟ್ಟು ಮಾಡಿದ್ದು ಸಿಗುತ್ತೆ, ಡಬ್ಬಿ ಮೇಲೆ ಹಾಗೆ ಬರೆದಿದೆಯಾ ನೋಡಿ. ನಿಮ್ಮ 9 ಎಂಎಂಗೆ ಹೋಲಿಸಿದರೆ ಒಂದೊಂದು ತೋಟಾಕ್ಕೆ ನಾಲ್ಕೈದು ಪಟ್ಟು ಜಾಸ್ತಿ ಬೀಳುತ್ತೆ, ಅದಕ್ಕೂ ದುಡ್ಡು ಎತ್ತಿಡಿ. ಹಿಡಿ ರಿಪೇರಿ ಮುಗಿಯೋ ತನಕ ಗುಂಡು ಹಾರಿಸಬೇಡಿ, ಪ್ರತಿ ಒದೆತಕ್ಕೂ ಬಿರುಕು ಹಿಂದಕ್ಕೆ ಓಡುತ್ತೆ.