ಏರಿನಲ್ಲಿ ಇ-ಸೈಕಲ್ ಪೂರ್ತಿ ಆಫ್ ಆಗ್ತಿದೆ, ಬ್ಯಾಟರಿ ಬದಲಿಸಬೇಕಾ?

ಪ್ರಶ್ನೆ (ಚಿತ್ರದುರ್ಗ):
36 ವೋಲ್ಟ್ ಬ್ಯಾಟರಿ, 250 ವ್ಯಾಟ್ ಹಬ್ ಮೋಟಾರ್ (ಚಕ್ರದ ನಡುವೆಯೇ ಇರೋದು). ಸಮತಟ್ಟು ರಸ್ತೇಲಿ ತೊಂದರೆ ಇಲ್ಲ. ಜೋಗಿಮಟ್ಟಿ ರಸ್ತೆಯ ಏರಿಗೆ ಬಂದ್ರೆ ಮೋಟಾರ್, ಡಿಸ್‌ಪ್ಲೇ ಎರಡೂ ಒಟ್ಟಿಗೆ ಆಫ್. ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಮತ್ತೆ ಆನ್ ಆಗುತ್ತೆ. ಫುಲ್ ಚಾರ್ಜ್‌ನಲ್ಲಿ 41.8 ವೋಲ್ಟ್ ಇದೆ. ಹೊಸ ಬ್ಯಾಟರಿ ಹಾಕಿಸಿ ಅಂತಿದ್ದಾರೆ.

ಉತ್ತರ (ದಾವಣಗೆರೆ):
ಈಗಲೇ ದುಡ್ಡು ಹಾಕಬೇಡಿ ಸರ್. 41.8 ಅಂದ್ರೆ ಚಾರ್ಜ್ ತುಂಬಿದೆ ಅಂತಷ್ಟೇ, ಲೋಡ್ ಬಿದ್ದಾಗ ಏನಾಗುತ್ತೆ ಅಂತ ಅದು ಹೇಳಲ್ಲ. ಡಿಸ್‌ಪ್ಲೇ ಉರೀತಾ ಇದ್ದು ಮೋಟಾರ್ ಮಾತ್ರ ನಿಂತಿದ್ರೆ ಬ್ರೇಕ್ ಸ್ವಿಚ್, ಹಾಲ್ ಸೆನ್ಸರ್ (ಮೋಟಾರ್ ಎಲ್ಲಿಗೆ ತಿರುಗಿದೆ ಅಂತ ತಿಳಿಸೋದು) ನೋಡಬೇಕಿತ್ತು. ನಿಮ್ಮದರಲ್ಲಿ ಕರೆಂಟೇ ಕಟ್ ಆಗ್ತಿದೆ. ಒಂದೋ ಬ್ಯಾಟರಿ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) ಕಟ್ ಮಾಡ್ತಿದೆ, ಇಲ್ಲಾ ಬ್ಯಾಟರಿಯಿಂದ ಮೋಟಾರ್ ನಡೆಸೋ ಕಂಟ್ರೋಲರ್‌ಗೆ ಹೋಗೋ ಕನೆಕ್ಟರ್ ಕೈಕೊಡ್ತಿದೆ.

ಆಫ್ ಆದ ಕೂಡಲೇ ಅಲ್ಲೇ ಮಲ್ಟಿಮೀಟರ್ ಹಿಡಿದು ಬ್ಯಾಟರಿ ಕಡೆಯ ವೋಲ್ಟೇಜ್ ನೋಡಿ. ಕನೆಕ್ಟರ್ ಬಿಚ್ಚದೇ ನೋಡಬೇಕು. ಬಿಚ್ಚಿದ್ರೆ ಲೋಡ್ ತಪ್ಪಿ ಕೆಲವು ಬಿಎಂಎಸ್ ತಾವೇ ಆನ್ ಆಗಿಬಿಡ್ತವೆ, ಕಾರಣ ಸಿಗಲ್ಲ. ಸೊನ್ನೆ ಹತ್ತಿರ ಇದ್ರೆ ಬಿಎಂಎಸ್. ಪೂರ್ತಿ ವೋಲ್ಟೇಜ್ ಇದ್ರೆ ಕನೆಕ್ಟರ್ ಕಡೆ ಬನ್ನಿ.

ಮನೇಲಿ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಬ್ರೇಕ್ ಸ್ವಿಚ್‌ನ ವೈರ್ ಬಿಚ್ಚಿಡಿ. ಇಲ್ಲಾಂದ್ರೆ ಲಿವರ್ ಮುಟ್ಟಿದ ತಕ್ಷಣ ಮೋಟಾರ್ ನಿಲ್ಲುತ್ತೆ. ಥ್ರಾಟಲ್ ಕೊಟ್ಟು ಬ್ರೇಕ್ ಮೆಲ್ಲಗೆ ಹಿಡೀರಿ, ಐದಾರು ಸೆಕೆಂಡ್ ಸಾಕು, ಚಕ್ರ ಪೂರ್ತಿ ನಿಲ್ಲಬಾರದು. ಆಗ ಇನ್ನೊಬ್ಬರು ಒಂದು ಪ್ರೋಬ್ ಕನೆಕ್ಟರ್‌ನ ಬ್ಯಾಟರಿ ಕಡೆ ಕೆಂಪು ವೈರಿಗೆ, ಇನ್ನೊಂದು ಕಂಟ್ರೋಲರ್ ಕಡೆ ಕೆಂಪು ವೈರಿಗೆ ಹಿಡೀಲಿ. 0.1 ವೋಲ್ಟ್ ದಾಟಬಾರದು. ಕಪ್ಪು ವೈರಿಗೂ ಹೀಗೇ. ಪರೀಕ್ಷೆ ಮುಗಿದ ಮೇಲೆ ಬ್ರೇಕ್ ಸ್ವಿಚ್ ವಾಪಸ್ ಜೋಡಿಸೋದು ಮರೀಬೇಡಿ.

ಪ್ರಶ್ನೆ ಕೇಳಿದವರು:
ಆಫ್ ಆದಾಗ ಬ್ಯಾಟರಿ ಕಡೆ 36.9 ಇತ್ತು. ಲೋಡ್‌ನಲ್ಲಿ ಕೆಂಪು ವೈರಲ್ಲಿ 1.8, ಕಪ್ಪಲ್ಲಿ 0.06. ಬಿಚ್ಚಿ ನೋಡಿದ್ರೆ ಕೆಂಪು ಕಡೆ ಪಿನ್ ಕಪ್ಪಾಗಿದೆ, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಅಂಚು ಕರಗಿದೆ. ಎಮೆರಿ ಪೇಪರಲ್ಲಿ ಉಜ್ಜಿದ್ರೆ ಸಾಕಾ?

ಉತ್ತರ (ದಾವಣಗೆರೆ):
ಸಾಕಾಗಲ್ಲ. ಏರಿನಲ್ಲಿ 12 ಆಂಪಿಯರ್ ಎಳೆದ್ರೆ 1.8 ವೋಲ್ಟ್ ಲೆಕ್ಕಕ್ಕೆ ಸುಮಾರು 22 ವ್ಯಾಟ್ ಶಾಖ ಆ ಒಂದು ಪಿನ್ನಲ್ಲೇ ಹುಟ್ಟುತ್ತೆ, ಹೆಚ್ಚೂಕಮ್ಮಿ ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು. ಪಿನ್ ಬಿಗಿ ಕಳ್ಕೊಂಡಿದೆ. ಬಿಸಿಗೆ ಸಂಪರ್ಕ ಬಿಡುತ್ತೆ, ತಣ್ಣಗಾದ್ರೆ ಕೂಡುತ್ತೆ. ಉಜ್ಜಿದ್ರೆ ಹೊಳಪು ಬರುತ್ತೆ, ಬಿಗಿ ಬರಲ್ಲ.

ಎರಡೂ ಕಡೆ ಬದಲಿಸಿ: ಎಕ್ಸ್‌ಟಿ60 ಕನೆಕ್ಟರ್ ಒಂದು ಜೊತೆ, ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗೋ ಪ್ಲಾಸ್ಟಿಕ್ ಕೊಳವೆ), 60 ವ್ಯಾಟ್ ಐರನ್. ಬ್ಯಾಟರಿ ಕಡೆಗೆ ಪಿನ್ ಹೊರಗೆ ಕಾಣದ ಫೀಮೇಲ್ ಭಾಗವೇ ಬರಬೇಕು. ಬ್ಯಾಟರಿ ವೈರ್ ಎರಡನ್ನೂ ಒಟ್ಟಿಗೆ ಕತ್ತರಿಸಬೇಡಿ, ಕಟರ್‌ನಲ್ಲೇ ಶಾರ್ಟ್ ಆಗುತ್ತೆ. ಕೆಂಪು ಕತ್ತರಿಸಿ, ಸ್ಲೀವ್ ತೂರಿಸಿ, ಬೆಸುಗೆ ಹಾಕಿ, ಸ್ಲೀವ್ ಕುಗ್ಗಿಸಿ. ಆಮೇಲೆ ಕಪ್ಪು ಮುಟ್ಟಿ. ಬೆಸುಗೆ ಹಾಕುವಾಗ ವೈರ್ ಇಲ್ಲದ ಇನ್ನೊಂದು ಎಕ್ಸ್‌ಟಿ60 ಎದುರಿಗೆ ಸಿಕ್ಕಿಸಿಡಿ, ಪ್ಲಾಸ್ಟಿಕ್ ಮೆತ್ತಗಾದ್ರೂ ಪಿನ್ ಓರೆ ಆಗಲ್ಲ. ವೈರಿನ ತಾಮ್ರ ಕಪ್ಪಾಗಿದ್ರೆ ಹೊಳೆಯೋ ತಾಮ್ರ ಸಿಗೋವರೆಗೂ ಹಿಂದಕ್ಕೆ ಕತ್ತರಿಸಿ. ಕಪ್ಪಾದ ಎಳೆಗೆ ಬೆಸುಗೆ ಹಿಡಿಯಲ್ಲ.

ಇನ್ನೊಬ್ಬರು (ಹರಿಹರ ರಸ್ತೆ, ದಾವಣಗೆರೆ):
ಪ್ಲಸ್-ಮೈನಸ್ ಗುರುತು ನೋಡಿಯೇ ಜೋಡಿಸಿ, ಉಲ್ಟಾ ಆದ್ರೆ ಕಂಟ್ರೋಲರ್ ಹೋಗುತ್ತೆ. ಕನೆಕ್ಟರ್ ನೇತಾಡದ ಹಾಗೆ ಫ್ರೇಮ್‌ಗೆ ಕೇಬಲ್ ಟೈ ಹಾಕಿ, ಕುಲುಕಾಟಕ್ಕೇ ಪಿನ್ ಸಡಿಲ ಆಗೋದು. ಆಮೇಲೆ ಅದೇ ಏರು ಹತ್ತಿಸಿ, ಮೇಲೆ ಸೈಕಲ್ ಇಳಿದ ತಕ್ಷಣ ಕನೆಕ್ಟರ್ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ರೆ ಸರಿ. ಕೈ ಇಡೋಕಾಗದಷ್ಟು ಸುಟ್ರೆ ಬೆಸುಗೆ ಸರಿಯಾಗಿ ಕೂತಿಲ್ಲ, ಬಿಚ್ಚಿ ಮತ್ತೆ ಹಾಕಿ.