ರಗ್ಬಿ ಲೀಗ್ ಆಡಿ ಬಂದವರು ರಗ್ಬಿ ಯೂನಿಯನ್‌ನಲ್ಲಿ ಕೋಚ್ ಆಗುವುದು ಹೇಗೆ?

ಕೊಥ್ರೂಡ್ ನಿವಾಸಿ, ಪುಣೆ:

ಎಲ್ಲರಿಗೂ ನಮಸ್ಕಾರ. ನನ್ನ ಸೋದರಳಿಯ ಇಲ್ಲಿ ಎಂಜಿನಿಯರಿಂಗ್ ಓದುತ್ತ ಕಾಲೇಜು ತಂಡದಲ್ಲಿ ರಗ್ಬಿ ಆಡುತ್ತಾನೆ. 2025ರ ಜೂನ್‌ನಲ್ಲಿ ಮುಂಬೈಯ ಅಂಧೇರಿಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್ ನೋಡಲು ನನ್ನನ್ನೂ ಎಳೆದುಕೊಂಡು ಹೋಗಿದ್ದ. ಅಂದಿನಿಂದ, ಓದು ಮುಗಿದ ಮೇಲೆ ಐರ್ಲೆಂಡ್ ತಂಡದ ಮುಖ್ಯ ಕೋಚ್ ಆ್ಯಂಡಿ ಫ್ಯಾರೆಲ್ ಅವರಂತೆ ಕೋಚ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಕುಮ್ಮಕ್ಕು ಕೊಟ್ಟವನು ನಾನೇ ಎಂದು ಅಕ್ಕ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಈ ಫ್ಯಾರೆಲ್ ಮೊದಲು ಆಡಿದ್ದು ರಗ್ಬಿ ಲೀಗ್, ಈಗ ಕಲಿಸುತ್ತಿರುವುದು ರಗ್ಬಿ ಯೂನಿಯನ್ ಎಂದು ಅವನು ಹೇಳುತ್ತಾನೆ. ಇವು ಎರಡು ಬೇರೆ ಆಟಗಳೇ? ಒಂದರಲ್ಲಿ ಬೆಳೆದವರನ್ನು ಇನ್ನೊಂದರವರು ಕರೆದು ಕೂರಿಸುವಷ್ಟು ಅವರ ಬಳಿ ಏನಿರುತ್ತದೆ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಮಾಟುಂಗಾ ಕನ್ನಡಿಗ, ಮುಂಬೈ:

ನಿಮ್ಮ ಸೋದರಳಿಯ ಹೇಳಿದ್ದು ಸರಿ. ಎರಡೂ ಒಂದೇ ಮನೆಯಿಂದ ಪಾಲಾದ ಆಟಗಳು. ಉತ್ತರ ಇಂಗ್ಲೆಂಡಿನಲ್ಲಿ ಗಣಿ, ಗಿರಣಿಗಳಲ್ಲಿ ದುಡಿಯುತ್ತಿದ್ದ ಆಟಗಾರರಿಗೆ ಪಂದ್ಯದ ದಿನ ಕೂಲಿ ತಪ್ಪುತ್ತಿತ್ತು. ಆ ಕೂಲಿಯನ್ನು ತುಂಬಿಕೊಡಬೇಕು ಎಂದು ಅಲ್ಲಿಯ ಕ್ಲಬ್‌ಗಳು, ಹಣ ಮುಟ್ಟಕೂಡದು ಎಂದು ಆಟದ ಆಡಳಿತ ಮಂಡಳಿ ಪಟ್ಟು ಹಿಡಿದವು. ಕೊನೆಗೆ 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಕ್ಲಬ್‌ಗಳು ಬೇರೆಯಾದವು. ಪರೇಲ್, ಲಾಲ್‌ಬಾಗ್‌ಗಳ ಗಿರಣಿ ಕಾಲವನ್ನು ಕಂಡ ಹಿರಿಯರಿಗೆ ಈ ಜಗಳವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯೂನಿಯನ್‌ನವರು ವೃತ್ತಿಪರರಾಗಲು ಒಪ್ಪಿದ್ದು ಸರಿಯಾಗಿ ನೂರು ವರ್ಷಗಳ ನಂತರ, 1995ರಲ್ಲಿ.

ಈ ನಡುವೆ ಆಟವೂ ಬದಲಾಯಿತು. ಯೂನಿಯನ್‌ನಲ್ಲಿ 15 ಮಂದಿ, ಲೀಗ್‌ನಲ್ಲಿ 13. ಲೀಗ್‌ನಲ್ಲಿ ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ (ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ಕೆಡವುವುದು) ಅವಕಾಶವಿರುತ್ತದೆ. ಆರನೆಯ ಸಲವೂ ಕೆಡವಲ್ಪಟ್ಟರೆ ಚೆಂಡನ್ನು ಎದುರಾಳಿಗೆ ಒಪ್ಪಿಸಬೇಕು. ಪ್ರತಿ ಟ್ಯಾಕಲ್ ಆದ ಮೇಲೂ ತಡೆಯುವವರು ಹತ್ತು ಮೀಟರ್ ಹಿಂದೆ ಓಡಿ, ಸಾಲು ಕಟ್ಟಿ, ಮತ್ತೆ ಒಟ್ಟಾಗಿ ಮುಂದೆ ನುಗ್ಗಬೇಕಾದ್ದರಿಂದ ಪಕ್ಕದವನ ಹೆಜ್ಜೆ ನೋಡಿ ಹೆಜ್ಜೆ ಇಡುವುದು ಈ ಆಟಗಾರರಿಗೆ ಚಿಕ್ಕಂದಿನಿಂದಲೇ ಮೈಗೂಡಿರುತ್ತದೆ. ಯೂನಿಯನ್‌ನಲ್ಲಿ ಕೆಳಗೆ ಬಿದ್ದ ಚೆಂಡಿಗಾಗಿ ಎರಡೂ ಕಡೆಯವರು ಮುಗಿಬೀಳುತ್ತಾರೆ, ಅದರ ಮೇಲೆ ಸ್ಕ್ರಮ್ (ಎರಡೂ ಕಡೆಯವರು ಗುಂಪುಕಟ್ಟಿ ತಲೆ ತಗ್ಗಿಸಿ ಚೆಂಡಿಗಾಗಿ ದೂಡಾಡುವುದು) ಮತ್ತು ಲೈನ್‌ಔಟ್‌ಗಳ (ಗೆರೆಯಾಚೆಯಿಂದ ಎಸೆದ ಚೆಂಡಿಗೆ ಸಾಲಾಗಿ ನಿಂತು ಜಿಗಿಯುವುದು) ಕಸರತ್ತು ಬೇರೆ. ಹೀಗಾಗಿ ಅಲ್ಲಿಯ ಕೋಚ್‌ಗಳ ತಲೆಯೆಲ್ಲ ಚೆಂಡನ್ನು ಗೆದ್ದುಕೊಳ್ಳುವುದರಲ್ಲೇ ಇತ್ತು, ತಡೆಯುವ ಸಾಲಿನ ವಿದ್ಯೆ ಹಿಂದುಳಿದಿತ್ತು. ಹಣ ಬಂದ ಮೇಲೆ ಆ ಕೊರತೆಯನ್ನು ತುಂಬಲು ಲೀಗ್‌ನವರಿಗೆ ಕರೆ ಹೋಯಿತು. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡಕ್ಕೆ ರಕ್ಷಣೆ ಕಲಿಸಿದ ಫಿಲ್ ಲಾರ್ಡರ್ ಲೀಗ್‌ನವರು. 2008ರಿಂದ ವೇಲ್ಸ್‌ಗೂ ಆಮೇಲೆ ಫ್ರಾನ್ಸ್‌ಗೂ ಅದೇ ಕೆಲಸ ಮಾಡಿದ ಶಾನ್ ಎಡ್ವರ್ಡ್ಸ್ ಕೂಡ ಲೀಗ್‌ನವರೇ.

ಫ್ಯಾರೆಲ್ ಹುಟ್ಟಿದ್ದು 1975ರಲ್ಲಿ, ಎಡ್ವರ್ಡ್ಸ್ ಅವರ ಊರಾದ ವಿಗನ್‌ನಲ್ಲಿಯೇ. ಹದಿನಾರರ ಹರೆಯದಲ್ಲಿ ವಿಗನ್ ಕ್ಲಬ್ಬಿಗೆ ಆಡತೊಡಗಿ, 21ಕ್ಕೆ ಗ್ರೇಟ್ ಬ್ರಿಟನ್ ನಾಯಕರಾಗಿ, ಕ್ಲಬ್ಬಿಗೆ ಮೂರು ಸಾವಿರಕ್ಕೂ ಹೆಚ್ಚು ಅಂಕ ಗಳಿಸಿ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಮ್ಯಾನ್ ಆಫ್ ಸ್ಟೀಲ್ ಪ್ರಶಸ್ತಿಯನ್ನು 1996 ಮತ್ತು 2004ರಲ್ಲಿ ಪಡೆದವರು. 2005ರಲ್ಲಿ ಯೂನಿಯನ್‌ನ ಸಾರಸನ್ಸ್ ಕ್ಲಬ್ಬಿಗೆ ಬಂದರು. ಆಟಗಾರರಾಗಿ ಅಲ್ಲಿ ಅವರು ಹೊಳೆಯಲಿಲ್ಲ ಎಂದೇ ನನ್ನ ಅಭಿಪ್ರಾಯ. ಗಾಯಗಳು ಕಾಡಿದವು, ಇಂಗ್ಲೆಂಡ್ ಪರ ಆಡಿದ್ದು ಎಂಟೇ ಪಂದ್ಯ. ಆದರೆ ಆ ನಾಲ್ಕು ವರ್ಷ ಹೊಸ ಆಟವನ್ನು ಒಳಗಿನಿಂದ ನೋಡಿದ್ದೇ ಮುಂದಿನ ಕೆಲಸಕ್ಕೆ ಬಂಡವಾಳವಾಯಿತು.

ಪಿಂಪ್ರಿ ಕಬಡ್ಡಿ ಪ್ರೇಮಿ, ಪುಣೆ:

ತಡೆಯುವ ಸಾಲಿನ ಮಾತು ಬಂದಾಗ ನನಗೆ ಕಬಡ್ಡಿ ನೆನಪಾಯಿತು. ಕೈ ಕೈ ಹಿಡಿದು ನಿಂತ ಸರಪಳಿಯಲ್ಲಿ ಒಬ್ಬ ಅವಸರಪಟ್ಟು ಮುಂದೆ ಹಾರಿದರೆ ರೈಡರ್ ಆ ಸಂದಿಯಲ್ಲೇ ನುಸುಳಿ ಗೆರೆ ಮುಟ್ಟುತ್ತಾನೆ. ನಮ್ಮ ಪುಣೇರಿ ಪಲ್ಟನ್ ತಂಡವು 2024ರ ಮಾರ್ಚ್‌ನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಮಣಿಸಿ ಪ್ರೊ ಕಬಡ್ಡಿ ಗೆದ್ದಾಗ ಕೋಚ್ ಆಗಿದ್ದವರು ಭಾರತಕ್ಕೆ ಆಡಿದ್ದ ಕನ್ನಡಿಗ ಬಿ. ಸಿ. ರಮೇಶ್; 2019ರಲ್ಲಿ ಬಂಗಾಳ ವಾರಿಯರ್ಸ್ ತಂಡವನ್ನು ಗೆಲ್ಲಿಸಿದವರೂ ಅವರೇ. ಆದರೆ ಮಾಟುಂಗಾದವರಲ್ಲಿ ಒಂದು ಪ್ರಶ್ನೆ: ರಮೇಶ್ ತಾವು ಆಡಿದ ಆಟವನ್ನೇ ಕಲಿಸಿದರು. ಫ್ಯಾರೆಲ್ ಅವರದು ಪಕ್ಕದ ಮನೆಯ ಆಟ. ರಕ್ಷಣೆಯೊಂದನ್ನೇ ಬಲ್ಲವರಿಗೆ ಇಡೀ ತಂಡವನ್ನು ಯಾರು ಒಪ್ಪಿಸಿದರು?

ಮಾಟುಂಗಾ ಕನ್ನಡಿಗ, ಮುಂಬೈ:

ಅದಕ್ಕೇ ಹತ್ತು ವರ್ಷ ಹಿಡಿಯಿತು. 2009ರಲ್ಲಿ ಆಟ ನಿಲ್ಲಿಸಿ ಸಾರಸನ್ಸ್‌ನಲ್ಲಿಯೇ ಕಲಿಸಲು ತೊಡಗಿದರು, ಬಳಿಕ ಇಂಗ್ಲೆಂಡ್ ತಂಡದ ಸಹಾಯಕ ಕೋಚ್ ಆದರು. 2015ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ತನ್ನದೇ ನೆಲದಲ್ಲಿ ಗುಂಪಿನ ಹಂತವನ್ನೇ ದಾಟದೆ ಹೊರಬಿದ್ದಾಗ ಹೊಸದಾಗಿ ಬಂದ ಮುಖ್ಯ ಕೋಚ್ ಎಡ್ಡಿ ಜೋನ್ಸ್, ಫ್ಯಾರೆಲ್ ಅವರನ್ನು ಉಳಿಸಿಕೊಳ್ಳಲಿಲ್ಲ. 2016ರಲ್ಲಿ ಐರ್ಲೆಂಡ್ ರಕ್ಷಣೆಯ ಹೊಣೆ ಕೊಟ್ಟಿತು. ಅದೇ ವರ್ಷ ಷಿಕಾಗೊದಲ್ಲಿ ಐರ್ಲೆಂಡ್ ತಂಡ ನ್ಯೂಜಿಲೆಂಡನ್ನು ಮೊತ್ತಮೊದಲ ಬಾರಿಗೆ ಸೋಲಿಸಿತು. ಮುಖ್ಯ ಕೋಚ್ ಆದದ್ದು 2019ರ ವಿಶ್ವಕಪ್ ಮುಗಿದ ಮೇಲೆ. ನಂತರ 2022ರಲ್ಲಿ ನ್ಯೂಜಿಲೆಂಡಿಗೇ ಹೋಗಿ ಸರಣಿ ಗೆದ್ದರು, 2023ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ (ಯುರೋಪಿನ ಆರು ದೇಶಗಳ ಪಂದ್ಯಾವಳಿಯಲ್ಲಿ ಎಲ್ಲ ಪಂದ್ಯಗಳನ್ನೂ ಗೆಲ್ಲುವುದು) ಗೆದ್ದರು, 2025ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡವನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ದು 2–1ರಿಂದ ಗೆಲ್ಲಿಸಿದರು. ವಿಶ್ವಕಪ್ ಮಾತ್ರ ಕೈಗೆ ಸಿಕ್ಕಿಲ್ಲ. 2023ರ ಕ್ವಾರ್ಟರ್ ಫೈನಲ್‌ನಲ್ಲಿ ಅದೇ ನ್ಯೂಜಿಲೆಂಡಿಗೆ 24–28ರಿಂದ ಸೋತರು.

ಮಡಗಾಂವ್‌ನಿಂದ, ಗೋವಾ:

ಲೀಗ್‌ನಲ್ಲಿಯೇ ಉಳಿದು ಕೋಚ್ ಆದವರನ್ನೂ ನೋಡಬೇಕು. ಆಸ್ಟ್ರೇಲಿಯಾದ ಮೆಲ್ಬರ್ನ್ ಸ್ಟಾರ್ಮ್ ತಂಡವನ್ನು 2003ರಿಂದ ನಡೆಸಿಕೊಂಡು ಬಂದ ಕ್ರೇಗ್ ಬೆಲಾಮಿ, ಕ್ಯಾನ್‌ಬೆರಾ ತಂಡಕ್ಕೆ ಹತ್ತು ವರ್ಷ ಆಡಿದರೂ ಫ್ಯಾರೆಲ್ ಅವರಂಥ ತಾರೆಯಲ್ಲ. ಆದರೂ ಬ್ರಿಸ್ಬೇನ್‌ನಲ್ಲಿ ಮುಖ್ಯ ಕೋಚ್ ವೇನ್ ಬೆನೆಟ್ ಅವರ ಕೈಕೆಳಗೆ ಹಲವು ವರ್ಷ ಸಹಾಯಕರಾಗಿದ್ದವರು. ಆ ಬೆನೆಟ್ ಅವರಂತೂ ಪೊಲೀಸ್ ಕೆಲಸದಲ್ಲಿದ್ದುಕೊಂಡು ಆಡಿದವರು. ಕೊಥ್ರೂಡ್‌ನವರು ಅಕ್ಕನಿಗೆ ತೋರಿಸಬೇಕಾದ್ದು ಈ ಸಾಲನ್ನು: ಹುಡುಗ ಎಂಜಿನಿಯರಿಂಗ್ ಮುಗಿಸಲಿ, ಕೆಲಸ ಹಿಡಿಯಲಿ, ಬೆಳಿಗ್ಗೆ ಮೈದಾನದಲ್ಲಿ ಮಕ್ಕಳಿಗೆ ಟ್ಯಾಕಲ್ ಕಲಿಸಲಿ.

ಕೊಥ್ರೂಡ್ ನಿವಾಸಿ, ಪುಣೆ:

ಎಲ್ಲರಿಗೂ ಧನ್ಯವಾದಗಳು. ಪೊಲೀಸ್ ಕೆಲಸದ ವಿಷಯವನ್ನು ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು, ಆಮೇಲೆ ಆ ಹತ್ತು ವರ್ಷ ಸಹಾಯಕ ಕೋಚ್‌ಗೆ ಸಂಬಳ ಎಷ್ಟು ಎಂದು ಕೇಳಿದಳು.