‘ಮೆಂಟರ್’ಗೆ ಗುರು ಸಾಕೇ? ರ್ಯೋಮಾನ ಇಬ್ಬರು ಹಿರಿಯರ ಬಗ್ಗೆ ಒಂದು ಪ್ರಶ್ನೆ

ಗೆಳೆಯರೇ,

ಹೈಸ್ಕೂಲ್ ಮಕ್ಕಳಿಗಾಗಿ ಜಪಾನಿನ ಸಾಕಾಮೋಟೊ ರ್ಯೋಮಾ ಎಂಬ ಹತ್ತೊಂಬತ್ತನೇ ಶತಮಾನದ ಸಮುರಾಯ್ (ಯೋಧ) ಬಗ್ಗೆ ಬರೆಯುತ್ತಿದ್ದೇನೆ. ‘ಮೆಂಟರ್’ ಅನ್ನುವ ಪದಕ್ಕೆ ಸರಿಯಾದ ಕನ್ನಡ ಪದ ಸಿಗದೆ ಬರಹ ನಿಂತಿದೆ. ದಯವಿಟ್ಟು ‘ಮಾರ್ಗದರ್ಶಕ’ ಅನ್ನಬೇಡಿ. ಅದನ್ನು ಕೇಳಿದರೆ ಪಿಎಚ್‌ಡಿ ಗೈಡೇ ಕಣ್ಣಮುಂದೆ ಬರುತ್ತಾರೆ.

ತೊಡಕು ಏನೆಂದರೆ, ಈ ಹುಡುಗನಿಗೆ ದಾರಿ ತೋರಿಸಿದವರಲ್ಲಿ ಇಬ್ಬರು ಮುಖ್ಯರು, ಇಬ್ಬರ ರೀತಿಯೂ ಬೇರೆ. ಒಬ್ಬ ತಾಕೆಚಿ ಹಾನ್‌ಪೇಟಾ. ತೋಸಾ ಸೀಮೆಯ ಕತ್ತಿವರಸೆ ಗುರು, ರ್ಯೋಮಾನಿಗಿಂತ ಆರೇಳು ವರ್ಷ ದೊಡ್ಡವನು. 1861ರಲ್ಲಿ ಚಕ್ರವರ್ತಿಯ ಪರವಾಗಿ, ವಿದೇಶಿಯರ ವಿರುದ್ಧ ಒಂದು ಪಕ್ಷ ಕಟ್ಟಿದ. ಕೆಳದರ್ಜೆಯ ಸಮುರಾಯ್‌ಗಳು ಸಾಲುಗಟ್ಟಿ ಸೇರಿದರು, ರ್ಯೋಮಾನೂ ಸಹಿ ಹಾಕಿದ. ಮರುವರ್ಷ ಆ ಪಕ್ಷದವರೇ ತೋಸಾದ ಹಿರಿಯ ಅಧಿಕಾರಿಯೊಬ್ಬನನ್ನು ಕೊಂದರು. ಅದಕ್ಕೆ ಸ್ವಲ್ಪ ಮುಂಚೆಯೇ ರ್ಯೋಮಾ ಅಪ್ಪಣೆ ಇಲ್ಲದೆ ಸೀಮೆ ಬಿಟ್ಟು ಹೋಗಿದ್ದ. 1865ರಲ್ಲಿ ತಾಕೆಚಿಗೆ ಹೊಟ್ಟೆ ಸೀಳಿಕೊಂಡು ಸಾಯುವ ಶಿಕ್ಷೆಯಾಯಿತು. ಇವನಿಗೆ ‘ಮುಂದಾಳು’ ಚೆನ್ನಾಗಿ ಒಪ್ಪುತ್ತದೆ. ಮುಂದೆ ನಿಂತ, ಉಳಿದವರು ಹಿಂದೆ ಬಂದರು. ‘ಸಮುರಾಯ್’ ಪದದ ಬೇರು ‘ಸೇವೆಯಲ್ಲಿರು’ ಅನ್ನುವ ಕ್ರಿಯಾಪದ. ನಮ್ಮ ‘ಆಳು’, ‘ಬಂಟ’ ಕೂಡ ಹಾಗೇ ಅಲ್ವಾ? ಸೇವಕನೂ ಹೌದು, ಕಾದಾಡುವವನೂ ಹೌದು. (ಸಮುರಾಯ್‌ಗೆ ‘ಬಂಟ’ ಅಂತಲೇ ಬರೆಯುವ ಆಸೆ ಇದೆ. ಆದರೆ ಕರಾವಳಿಯವರು ನಗಬಹುದು.)

ಇನ್ನೊಬ್ಬ ಕಾತ್ಸು ಕೈಶು. ಷೋಗನ್ (ಚಕ್ರವರ್ತಿಯ ಹೆಸರಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿ) ಸರ್ಕಾರದ ನೌಕಾ ಅಧಿಕಾರಿ. 1860ರಲ್ಲಿ ಕಾನ್ರಿನ್ ಮಾರು ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬಂದವನು. ರ್ಯೋಮಾ ಇವನನ್ನು ಕೊಲ್ಲಲು ಹೋಗಿ ಶಿಷ್ಯನಾದ ಎಂಬ ಕತೆ ಬಹಳ ಪ್ರಸಿದ್ಧ. ಕತೆ ನಿಜವೋ ಅಲ್ಲವೋ, 1863ರಲ್ಲಿ ಅಕ್ಕ ಒತೊಮೆಗೆ ಬರೆದ ಕಾಗದದಲ್ಲಿ, ಜಪಾನಿನಲ್ಲೇ ದೊಡ್ಡ ಮನುಷ್ಯನಿಗೆ ಶಿಷ್ಯನಾಗಿದ್ದೇನೆ ಅಂತ ಹುಡುಗ ಜಂಬ ಕೊಚ್ಚಿಕೊಂಡದ್ದಂತೂ ನಿಜ.

ಕಾತ್ಸು ಯಾರನ್ನೂ ಹಿಂದೆ ಕಟ್ಟಿಕೊಂಡು ತಿರುಗಲಿಲ್ಲ. ಸೀಮೆ ಬಿಟ್ಟ ತಪ್ಪಿಗೆ ರ್ಯೋಮಾನನ್ನು ಕ್ಷಮಿಸಿ ಅಂತ ತಾನೇ ಹೋಗಿ ತೋಸಾದ ದೊರೆಯನ್ನು ಕೇಳಿಕೊಂಡ. ಕೋಬೆಯ ನೌಕಾ ಶಾಲೆಗೆ ದುಡ್ಡು ತರಲು ರ್ಯೋಮಾನನ್ನೇ ಫುಕುಯಿ ಸೀಮೆಗೆ ಕಳಿಸಿದ. 1864ರಲ್ಲಿ ರ್ಯೋಮಾ, ಸಾತ್ಸುಮಾ ಸೀಮೆಯ ಮುಖಂಡ ಸೈಗೊ ತಾಕಾಮೊರಿಯನ್ನು ಕಂಡು ಬಂದಾಗ, ‘ಹೇಗಿದ್ದಾನೆ ಆ ಮನುಷ್ಯ?’ ಅಂತ ಅಭಿಪ್ರಾಯ ಕೇಳಿದ. ದೊಡ್ಡ ನಗಾರಿಯಂಥವನು, ಮೆಲ್ಲಗೆ ಬಾರಿಸಿದರೆ ಮೆಲ್ಲಗೆ, ಜೋರಾಗಿ ಬಾರಿಸಿದರೆ ಜೋರಾಗಿ ಮೊಳಗುತ್ತಾನೆ ಅಂದನಂತೆ ರ್ಯೋಮಾ. ಎಷ್ಟೋ ವರ್ಷ ಕಳೆದ ಮೇಲೂ ಕಾತ್ಸು ಇದನ್ನು ಮೆಚ್ಚಿ ಹೇಳುತ್ತಿದ್ದ. ಸೈಗೊನನ್ನಷ್ಟೇ ಅಲ್ಲ, ಅವನನ್ನು ಅಳೆದ ಹುಡುಗನನ್ನೂ.

ಇವನನ್ನು ಏನನ್ನೋಣ? ‘ಗುರು’ ಅಂದರೆ ಅಪ್ಪಣೆ, ಪಾದಪೂಜೆಯ ವಾಸನೆ ಬರುತ್ತದೆ. ‘ಮುಂದಾಳು’ ಅಂದರೆ ತಾಕೆಚಿಯ ಸಾಲಿಗೇ ಸೇರಿಸಿದಂತೆ. ಗರಡಿಮನೆಯ ‘ಉಸ್ತಾದ್’ ಇಷ್ಟವೇ, ಆದರೆ ಪಟ್ಟು ಹೇಳಿಕೊಡುವುದಕ್ಕಷ್ಟೇ ನಿಂತುಬಿಡುತ್ತದೆ. ‘ಒತ್ತಾಸೆ’ ಹತ್ತಿರ ಬರುತ್ತದೆ. ‘ಕಾತ್ಸು ರ್ಯೋಮಾನಿಗೆ ಒತ್ತಾಸೆಯಾಗಿದ್ದ’ ಅನ್ನುವ ವಾಕ್ಯದಲ್ಲಿ ಏನೂ ಕೊರತೆಯಿಲ್ಲ. ಹಾಗಂತ ಆ ಮನುಷ್ಯನನ್ನು ‘ಒತ್ತಾಸೆಗಾರ’ ಅಂದರೆ ಸುಮ್ನೆ ಹೊಸೆದ ಪದದಂತೆ ಕೇಳಿಸುತ್ತದೆ. ನನ್ನ ಒಲವು ಸದ್ಯಕ್ಕೆ ಬರೀ ‘ಹಿರಿಯ’ದ ಕಡೆಗಿದೆ. ಜಪಾನಿಯ ‘ಸೆನ್ಸೇ’ ಕೂಡ ಮೂಲದಲ್ಲಿ ಮೊದಲು ಹುಟ್ಟಿದವನು ಅಂತಲೇ.

ಧಾರವಾಡ, ಬೀದರ್, ಮಲೆನಾಡು ಕಡೆಯವರು ಮನೆಯಲ್ಲಿ, ಹೊಲದಲ್ಲಿ, ನಾಟಕ ಕಂಪನಿಯಲ್ಲಿ ಇಂಥವರನ್ನು ಏನೆಂದು ಕರೆಯುತ್ತೀರಿ? ನಿಘಂಟಿನ ಪದಕ್ಕಿಂತ ಆಡುಮಾತಿನದು ಸಿಕ್ಕರೆ ಜಾಸ್ತಿ ಖುಷಿ. ಜೊತೆಗೆ ಒಂದು ವಾಕ್ಯದಲ್ಲಿ ಬಳಸಿಯೂ ತೋರಿಸಿ.